ರೋಗಕಾರಕ ಬ್ಯಾಕ್ಟೀರಿಯಾದಲ್ಲಿ ಔಷಧದ ಗುರಿ ಹುಡುಕಲು ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಫಾರ್ಮಸಿ ಓದುತ್ತಿರುವವರು, ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರು, ಬರೀ ಕುತೂಹಲಕ್ಕೆ ಕೇಳುವವರು, ಹೀಗೆ ಬೇರೆ ಬೇರೆಯವರಿಂದ ಮತ್ತೆ ಮತ್ತೆ ಬಂದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಪೈಪ್‌ಲೈನ್ (ಗುರಿ ಹುಡುಕುವ ಕಂಪ್ಯೂಟರ್ ಹೆಜ್ಜೆಗಳ ಸಾಲು) ಒಮ್ಮೆಯಾದರೂ ಓಡಿಸಿ ನೋಡಿದವರು ಮೂರನೇ ಭಾಗಕ್ಕೆ ನೇರ ಹೋದರೂ ನಷ್ಟವಿಲ್ಲ.

## ಮೊದಲ ಹೆಜ್ಜೆ

ಔಷಧದ 'ಗುರಿ' ಅಂತೀರಲ್ಲ, ಅದು ಬ್ಯಾಕ್ಟೀರಿಯಾನೇ ತಾನೇ?

ಬ್ಯಾಕ್ಟೀರಿಯಾ ಪೂರ್ತಿಯಾಗಿ ಅಲ್ಲ, ಅದರೊಳಗಿನ ಒಂದು ಅಣು. ಔಷಧ ಹೋಗಿ ಅಂಟಿಕೊಂಡು ಕೆಲಸ ಕೆಡಿಸುವ ಆ ಅಣುವನ್ನೇ ಗುರಿ ಅನ್ನುತ್ತೇವೆ. ಬಹುಪಾಲು ಅದು ಪ್ರೋಟೀನ್, ಅದರಲ್ಲೂ ಕಿಣ್ವ. ಪೆನಿಸಿಲಿನ್ ಹಿಡಿಯುವುದು ಕೋಶಭಿತ್ತಿ ಹೆಣೆಯುವ ಕಿಣ್ವಗಳನ್ನು. ಕ್ಷಯದ ಔಷಧ ರಿಫಾಂಪಿಸಿನ್ ಹಿಡಿಯುವುದು ಜೀನ್‌ನಿಂದ ಆರ್‌ಎನ್‌ಎ ತಯಾರಿಸುವ ಆರ್‌ಎನ್‌ಎ ಪಾಲಿಮರೇಸ್ ಕಿಣ್ವದ ಬೀಟಾ ಘಟಕವನ್ನು. ಒಳ್ಳೆಯ ಗುರಿಯಿಂದ ಮೂರು ಸಂಗತಿ ಬಯಸುತ್ತೇವೆ: ಅದಿಲ್ಲದೆ ಬ್ಯಾಕ್ಟೀರಿಯಾ ಬದುಕಬಾರದು, ಅದನ್ನು ಕೆಡಿಸಿದರೆ ರೋಗಿಗೆ ತೊಂದರೆ ಆಗಬಾರದು, ಸಣ್ಣ ಅಣುವೊಂದು ಹೋಗಿ ಕೂರಲು ಅದರಲ್ಲಿ ಜಾಗ ಇರಬೇಕು. ಈ ಮೂರರಲ್ಲಿ ಒಂದೊಂದೂ ಹೇಳಿದಷ್ಟು ಸರಳವಲ್ಲ. ಕೆಳಗಿನ ಅರ್ಧಕ್ಕರ್ಧ ಪ್ರಶ್ನೆಗಳು ಹುಟ್ಟಿರುವುದೇ ಅಲ್ಲಿಂದ.

ಪೆನಿಸಿಲಿನ್ ಸಿಕ್ಕಾಗ ಕಂಪ್ಯೂಟರ್ ಇರಲೇ ಇಲ್ಲ. ಈಗ ಯಾಕೆ ಬೇಕು?

1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ ಗಮನಿಸಿದಾಗ ಅದರ ಗುರಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೇಬೇಕು ಅನ್ನುವ ಅಗತ್ಯವೂ ಇರಲಿಲ್ಲ. ಬ್ಯಾಕ್ಟೀರಿಯಾ ಸಾಯುತ್ತಿತ್ತು, ಅಷ್ಟು ಸಾಕಿತ್ತು. ಮಣ್ಣಿನ ಸೂಕ್ಷ್ಮಜೀವಿಗಳಿಂದ ಸಿಗುವ ಸುಲಭದ ಅಣುಗಳೆಲ್ಲ ಮುಂದಿನ ಕೆಲವು ದಶಕಗಳಲ್ಲಿ ಸಿಕ್ಕಿ ಮುಗಿದವು. ಆಮೇಲೆ ಹುಡುಕಿದಾಗಲೆಲ್ಲ ಹಳೆಯವೇ ಮತ್ತೆ ಮತ್ತೆ ಕೈಗೆ ಬರತೊಡಗಿದವು.

ಇನ್ನೊಂದು ಕಡೆ, 1995ರಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಬ್ಯಾಕ್ಟೀರಿಯಾದ ಇಡೀ ಜೀನೋಮ್ ಓದಲಾಯಿತು. ಸ್ವತಂತ್ರವಾಗಿ ಬದುಕುವ ಜೀವಿಯೊಂದರ ಪೂರ್ತಿ ಜೀನೋಮ್ ಹೊರಬಂದದ್ದು ಅದೇ ಮೊದಲು. 1998ರಲ್ಲಿ ಕ್ಷಯದ ಬ್ಯಾಕ್ಟೀರಿಯಾದ್ದೂ ಬಂತು: ಸುಮಾರು 44 ಲಕ್ಷ ಅಕ್ಷರ, ಸುಮಾರು 4,000 ಜೀನ್. ಅಷ್ಟನ್ನೂ ಒಂದೊಂದಾಗಿ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತ ಕೂರಲು ಯಾರಿಗೂ ಆಗದು. ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕು ಅನ್ನುವುದನ್ನು ಆರಿಸಲು ಕಂಪ್ಯೂಟರ್ ಬೇಕಾಯಿತು.

ಹಾಗಾದ್ರೆ ಔಷಧವನ್ನ ಕಂಪ್ಯೂಟರೇ ಕಂಡುಹಿಡಿಯುತ್ತೆ ಅನ್ನಬಹುದಾ?

ಅನ್ನಬಾರದು. ಅದು ಪಟ್ಟಿಯನ್ನು ಚಿಕ್ಕದು ಮಾಡಿಕೊಡುತ್ತದೆ. ಪಟ್ಟಿಯಲ್ಲಿ ಉಳಿದದ್ದು ನಿಜವಾದ ಗುರಿಯೇ ಅನ್ನುವುದು ಪ್ರಯೋಗಾಲಯದಲ್ಲಿ, ನಂತರ ಪ್ರಾಣಿಗಳಲ್ಲಿ, ಕೊನೆಗೆ ರೋಗಿಗಳಲ್ಲಿ ತೀರ್ಮಾನವಾಗಬೇಕು.

ಈ ಕೆಲಸಕ್ಕೆ ದೊಡ್ಡ ಸರ್ವರ್ ಬೇಕಾ? ನನ್ನ ಹತ್ರ ಲ್ಯಾಪ್‌ಟಾಪ್ ಮಾತ್ರ ಇದೆ.

ಸಾಕು. ನಾಲ್ಕು ಸಾವಿರ ಬ್ಯಾಕ್ಟೀರಿಯಾ ಪ್ರೋಟೀನ್‌ಗಳನ್ನು ಮನುಷ್ಯನ ಸುಮಾರು 20,000 ಪ್ರೋಟೀನ್‌ಗಳ ಜೊತೆ ಬ್ಲಾಸ್ಟ್ ಎಂಬ ಹೋಲಿಕೆ ಹುಡುಕುವ ಸಾಧನದಲ್ಲಿ ಹೋಲಿಸುವುದು ಸಾಧಾರಣ ಲ್ಯಾಪ್‌ಟಾಪ್‌ಗೂ ಭಾರವಲ್ಲ. ಲಿನಕ್ಸ್ ಕಮಾಂಡ್ ಲೈನ್ ಅಭ್ಯಾಸವಿರಲಿ, ಪೈಥಾನ್ ಸ್ವಲ್ಪ ಬರಲಿ. ಲಕ್ಷಗಟ್ಟಲೆ ಅಣುಗಳ ಡಾಕಿಂಗ್ (ಅಣು ಗುರಿಯಲ್ಲಿ ಹೇಗೆ ಕೂರುತ್ತದೆ ಎಂಬ ಲೆಕ್ಕ) ಅಥವಾ ಮಾಲಿಕ್ಯುಲರ್ ಡೈನಾಮಿಕ್ಸ್ (ಅಣುಗಳ ಚಲನೆಯ ಲೆಕ್ಕ) ಸಿಮ್ಯುಲೇಷನ್‌ಗೆ ಇಳಿದಾಗ ಮಾತ್ರ ದೊಡ್ಡ ಯಂತ್ರದ ಮಾತು.

## ಜರಡಿ ಹಿಡಿಯುವುದು

ಸಾವಿರಾರು ಪ್ರೋಟೀನ್‌ಗಳಿಂದ ಹತ್ತಿಪ್ಪತ್ತಕ್ಕೆ ಇಳಿಸೋದು ಹೇಗೆ?

ಹೆಚ್ಚು ಬಳಕೆಯಲ್ಲಿರುವ ದಾರಿಗೆ ಸಬ್‌ಟ್ರಾಕ್ಟಿವ್ ಜೀನೋಮಿಕ್ಸ್ ಅನ್ನುತ್ತಾರೆ. ಬೇಡದ್ದನ್ನು ಕಳೆಯುತ್ತಾ ಹೋಗುವುದು. ಬ್ಯಾಕ್ಟೀರಿಯಾದ ಎಲ್ಲ ಪ್ರೋಟೀನ್ ಸರಣಿಗಳನ್ನು (ಅಮೈನೋ ಆಮ್ಲಗಳ ಸಾಲುಗಳನ್ನು) ಯುನಿಪ್ರಾಟ್‌ನಂಥ ಡೇಟಾಬೇಸ್‌ನಿಂದ ಇಳಿಸಿಕೊಳ್ಳುತ್ತಾರೆ. ಮನುಷ್ಯನ ಪ್ರೋಟೀನ್‌ಗಳನ್ನು ಹೋಲುವುವನ್ನು ಬ್ಲಾಸ್ಟ್ ಮಾಡಿ ತೆಗೆಯುತ್ತಾರೆ. ಉಳಿದವುಗಳಲ್ಲಿ ಬದುಕಿಗೆ ಅತ್ಯಗತ್ಯವಾದುವನ್ನು ಅಗತ್ಯ ಜೀನ್‌ಗಳ ಡೇಟಾಬೇಸ್ ನೋಡಿ ಆರಿಸುತ್ತಾರೆ. ಕೆಗ್ ಎಂಬ ಚಯಾಪಚಯ ಹಾದಿಗಳ ಡೇಟಾಬೇಸ್ ನೋಡಿ ಯಾವುದು ಯಾವ ಚಯಾಪಚಯ ಹಾದಿಯಲ್ಲಿದೆ, ಆ ಹಾದಿ ಮನುಷ್ಯನಲ್ಲೂ ಇದೆಯೇ ಎಂದು ಪರಿಶೀಲಿಸುತ್ತಾರೆ. ಪ್ರೋಟೀನ್ ಕೋಶದ ಯಾವ ಭಾಗದಲ್ಲಿದೆ, ಅದರ ರಚನೆ ತಿಳಿದಿದೆಯೇ, ಅಣು ಕೂರುವಂಥ ಗುಳಿ ಇದೆಯೇ ಅನ್ನುವುದು ಆಮೇಲಿನ ಲೆಕ್ಕ.

ಹೆಚ್ಚಿನವರು ಮರೆಯುವ ಹೆಜ್ಜೆ ಒಂದಿದೆ. ಒಂದೇ ತಳಿಯ ಜೀನೋಮ್ ಸಾಲದು. ನಿರುಪದ್ರವಿ ಇ. ಕೋಲೈ ಕೆ-12ಕ್ಕೆ ಹೋಲಿಸಿದರೆ ರೋಗ ತರುವ ಒ157:ಎಚ್7 ತಳಿಯಲ್ಲಿ 1,300ಕ್ಕೂ ಹೆಚ್ಚು ಬೇರೆ ಜೀನ್‌ಗಳಿವೆ. ಅದೇ ಪ್ರಭೇದ, ಇಷ್ಟು ವ್ಯತ್ಯಾಸ! ಹತ್ತಾರು ತಳಿಗಳನ್ನು ಜೋಡಿಸಿ, ಎಲ್ಲದರಲ್ಲೂ ಇರುವ ಕೋರ್ ಜೀನೋಮ್ ತೆಗೆದುಕೊಂಡು ಅಲ್ಲಿಂದ ಶುರುಮಾಡಿ. ಇಲ್ಲದಿದ್ದರೆ ನೀವು ಹುಡುಕಿದ ಗುರಿ ಮುಂದಿನ ರೋಗಿಯ ತಳಿಯಲ್ಲಿ ಇರದೇ ಹೋಗಬಹುದು.

ಮನುಷ್ಯರಲ್ಲೂ ಇರೋ ಪ್ರೋಟೀನ್ ಅಂದ್ರೆ ತೆಗೆದುಹಾಕಲೇಬೇಕು ಅಲ್ವಾ?

ಅದೇ ಆದರೆ ಟ್ರೈಮೆಥೊಪ್ರಿಮ್ ಎಂಬ ಔಷಧವೇ ಇರುತ್ತಿರಲಿಲ್ಲ. ಅದರ ಗುರಿ ಡೈಹೈಡ್ರೋಫೋಲೇಟ್ ರಿಡಕ್ಟೇಸ್. ಈ ಕಿಣ್ವ ನಮ್ಮ ಪ್ರತಿ ಕೋಶದಲ್ಲೂ ಇದೆ. ಆದರೆ ಸರಣಿಯ ಹೋಲಿಕೆ ಶೇ. 30ರ ಆಸುಪಾಸು ಮಾತ್ರ, ಅಣು ಕೂರುವ ಗುಳಿಯ ಆಕಾರದಲ್ಲೂ ವ್ಯತ್ಯಾಸವಿದೆ. ಹಾಗಾಗಿ ಟ್ರೈಮೆಥೊಪ್ರಿಮ್ ನಮ್ಮ ಕಿಣ್ವಕ್ಕಿಂತ ಬ್ಯಾಕ್ಟೀರಿಯಾದ ಕಿಣ್ವವನ್ನು ಹತ್ತಾರು ಸಾವಿರ ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ರಿಫಾಂಪಿಸಿನ್, ಸಿಪ್ರೋಫ್ಲಾಕ್ಸಾಸಿನ್‌ಗಳ ಗುರಿಗಳಿಗೂ ನಮ್ಮಲ್ಲಿ ದೂರದ ನೆಂಟರಿದ್ದಾರೆ.

ಇ-ವ್ಯಾಲ್ಯೂ (ಬ್ಲಾಸ್ಟ್ ಕೊಡುವ ಸಂಖ್ಯೆ, ಕಡಿಮೆಯಾದಷ್ಟು ಹೋಲಿಕೆ ಗಟ್ಟಿ) ಇಷ್ಟಕ್ಕಿಂತ ಕಡಿಮೆ ಬಂದರೆ ಕಸದ ಬುಟ್ಟಿಗೆ ಅನ್ನುವ ಒಂದೇ ಗೆರೆ ಹಾಕಿದರೆ, ಈಗಾಗಲೇ ಲಕ್ಷಾಂತರ ಜೀವ ಉಳಿಸಿದ ಗುರಿಗಳೇ ಮೊದಲು ಹೋಗುತ್ತವೆ. ಹೋಲಿಕೆ ಇದೆ ಎಂದ ತಕ್ಷಣ ತೆಗೆಯಬೇಡಿ. ಎರಡೂ ಪ್ರೋಟೀನ್‌ಗಳ ಗುಳಿಯನ್ನು ಅಕ್ಕಪಕ್ಕ ಇಟ್ಟು, ಅದರ ಗೋಡೆಯ ಅಮೈನೋ ಆಮ್ಲಗಳು ಒಂದೇನಾ ಬೇರೆಯಾ ಎಂದು ನೋಡಿ.

ಒಂದು ಜೀನ್ 'ಅತ್ಯಗತ್ಯ' ಅಂತ ತೀರ್ಮಾನ ಮಾಡೋದು ಯಾರು?

ಈ ಇಡೀ ಪುಟದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ತೀರ್ಮಾನ ಪ್ರಯೋಗದ್ದು. ಆ ಪ್ರಯೋಗ ಯಾವ ಪರಿಸ್ಥಿತಿಯಲ್ಲಿ ನಡೆಯಿತು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಇ. ಕೋಲೈಯಲ್ಲಿ ಜೀನ್‌ಗಳನ್ನು ಒಂದೊಂದಾಗಿ ಅಳಿಸಿ ಮಾಡಿದ ಕೀಯೋ ಸಂಗ್ರಹ 2006ರಲ್ಲಿ ಪ್ರಕಟವಾಯಿತು. 3,985 ಜೀನ್‌ಗಳನ್ನು ಅಳಿಸಿದರೂ ಬ್ಯಾಕ್ಟೀರಿಯಾ ಬದುಕಿತು. 303ನ್ನು ಅಳಿಸಲು ಆಗಲಿಲ್ಲ, ಅವನ್ನು ಅತ್ಯಗತ್ಯದ ಪಟ್ಟಿಗೆ ಸೇರಿಸಿದರು. ಆದರೆ ಅದು ಪೋಷಕಾಂಶ ಯಥೇಚ್ಛವಾಗಿದ್ದ ಮಾಧ್ಯಮ. ರೋಗಿಯ ಶ್ವಾಸಕೋಶದೊಳಗೆ ಹಾಗಿರುವುದಿಲ್ಲ.

ಕ್ಷಯದ ಬ್ಯಾಕ್ಟೀರಿಯಾದ ಐಸೊಸಿಟ್ರೇಟ್ ಲೈಯೇಸ್ ಕಿಣ್ವವನ್ನೇ ನೋಡಿ. ಸಕ್ಕರೆ ಇರುವ ಮಾಧ್ಯಮದಲ್ಲಿ ಅದಿಲ್ಲದಿದ್ದರೂ ನಡೆಯುತ್ತದೆ. ಪ್ರಾಣಿಯ ದೇಹದೊಳಗೆ ಕೊಬ್ಬಿನಾಮ್ಲ ತಿಂದು ಬದುಕುವಾಗ ಅದು ಬೇಕೇ ಬೇಕು. ಈ ಕಿಣ್ವಕ್ಕೆ ಎರಡು ಜೀನ್‌ಗಳಿವೆ. 2005ರಲ್ಲಿ ಎರಡನ್ನೂ ಒಟ್ಟಿಗೆ ಅಳಿಸಿ ನೋಡಿದಾಗ ಬ್ಯಾಕ್ಟೀರಿಯಾ ಇಲಿಯೊಳಗೆ ಉಳಿಯಲೇ ಇಲ್ಲ. ಒಂದೊಂದೇ ಜೀನ್ ಅಳಿಸುವ ಪಟ್ಟಿಯಲ್ಲಿ ಇಂಥ ಜೋಡಿ ಕಾಣಿಸುವುದೇ ಇಲ್ಲ. ಒಂದು ಹೋದರೆ ಇನ್ನೊಂದು ಕೆಲಸ ನಿಭಾಯಿಸುತ್ತದೆ.

ಪ್ರಭೇದ ಬದಲಾದರೂ ಉತ್ತರ ಬದಲಾಗುತ್ತದೆ. ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ತಯಾರಿಸುವ ಎಲ್‌ಪಿಎಕ್ಸ್‌ಸಿ ಕಿಣ್ವ ಇ. ಕೋಲೈಗೆ ಪ್ರಾಣ. ಅಸಿನೆಟೊಬ್ಯಾಕ್ಟರ್ ಬೌಮನಿಯೈಯ ಕೆಲವು ತಳಿಗಳು ಆ ಪದಾರ್ಥವನ್ನೇ ಪೂರ್ತಿ ಬಿಟ್ಟುಕೊಟ್ಟು ಬದುಕಬಲ್ಲವು, ಜೊತೆಗೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್‌ಗೂ ಜಗ್ಗದಂತಾಗುತ್ತವೆ. ಹೀಗಿರುವಾಗ ಇ. ಕೋಲೈ ಪಟ್ಟಿಯನ್ನು ನೋಡಿ ಇನ್ನೊಂದು ಬ್ಯಾಕ್ಟೀರಿಯಾದ ಜೀನ್‌ಗೆ ಅತ್ಯಗತ್ಯ ಎಂದು ಮುದ್ರೆ ಒತ್ತುವುದು ಎಷ್ಟು ಸರಿ? ನಿಮ್ಮ ಬ್ಯಾಕ್ಟೀರಿಯಾದ್ದೇ ಟ್ರಾನ್ಸ್‌ಪೊಸಾನ್ ಸೀಕ್ವೆನ್ಸಿಂಗ್ ದತ್ತಾಂಶ ಇದ್ದರೆ ಅದನ್ನು ಬಳಸಿ. ಲಕ್ಷಾಂತರ ಕಡೆ ಜೀನ್ ತುಂಡರಿಸಿ, ಯಾವ ಜೀನ್ ತುಂಡಾದರೆ ಬ್ಯಾಕ್ಟೀರಿಯಾ ಬದುಕಲಿಲ್ಲ ಎಂದು ನೋಡುವ ವಿಧಾನ ಅದು.

ಕೆಲಸ ಏನು ಅಂತ ಗೊತ್ತಿಲ್ಲದ 'ಹೈಪೊಥೆಟಿಕಲ್' ಪ್ರೋಟೀನ್‌ಗಳನ್ನ ಬಿಟ್ಟುಬಿಡ್ಲಾ?

ಮೊದಲ ಪ್ರಾಜೆಕ್ಟ್ ಆದರೆ ಬಿಡಿ, ಪರವಾಗಿಲ್ಲ. ಆದರೆ ಅವು ಮುಖ್ಯವಲ್ಲ ಅಂದುಕೊಳ್ಳಬೇಡಿ. 2016ರಲ್ಲಿ ಜೀನ್‌ಗಳನ್ನು ಆದಷ್ಟು ಕಳೆದು ಕೃತಕವಾಗಿ ಕಟ್ಟಿದ ಕನಿಷ್ಠ ಕೋಶದಲ್ಲಿ ಉಳಿದದ್ದು 473 ಜೀನ್. ಅವುಗಳಲ್ಲಿ 149ರ ಕೆಲಸ ಆಗ ಯಾರಿಗೂ ತಿಳಿದಿರಲಿಲ್ಲ. ಬದುಕಿಗೆ ಬೇಕಾದ ಜೀನ್‌ಗಳಲ್ಲೇ ಸುಮಾರು ಮೂರನೇ ಒಂದು ಪಾಲು ಕತ್ತಲಲ್ಲಿತ್ತು ಎಂದಾಯಿತು.

## ರಚನೆ, ಡಾಕಿಂಗ್, ಎಐ

ಆಲ್ಫಾಫೋಲ್ಡ್ ಬಂದಮೇಲೆ ಎಕ್ಸ್‌ರೇ ಕ್ರಿಸ್ಟಲ್ ರಚನೆ ಯಾಕೆ?

ಸರಣಿ ನೋಡಿ ಪ್ರೋಟೀನ್‌ನ ಆಕಾರ ಊಹಿಸುವ ಎಐ ಸಾಧನ ಆಲ್ಫಾಫೋಲ್ಡ್ ಮಾಡಿದ ಉಪಕಾರ ಸಣ್ಣದಲ್ಲ. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳು ಎಲ್ಲರಿಗೂ ಸಿಗುವಂತಾದವು. ಅದನ್ನು ರೂಪಿಸಿದ ಹಸಾಬಿಸ್, ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್‌ನ ಪಾಲು ಬಂದದ್ದು ಇದಕ್ಕೇ. ಆದರೆ ಆ ಡೇಟಾಬೇಸ್‌ನಲ್ಲಿರುವ ಮಾದರಿಯಲ್ಲಿ ಲೋಹದ ಅಯಾನು ಇರುವುದಿಲ್ಲ, ಸಹಕಿಣ್ವ ಇರುವುದಿಲ್ಲ, ನೀರಿನ ಅಣುಗಳೂ ಇರುವುದಿಲ್ಲ. ಮೇಲೆ ಹೇಳಿದ ಎಲ್‌ಪಿಎಕ್ಸ್‌ಸಿ ಕಿಣ್ವದ ಗುಳಿಯೊಳಗೆ ಸತುವಿನ ಅಯಾನು ಇದೆ. ಅದನ್ನು ಪ್ರತಿಬಂಧಿಸುವ ಅಣುಗಳು ಹಿಡಿಯುವುದೇ ಆ ಸತುವನ್ನು. ಸತುವಿಲ್ಲದ ಖಾಲಿ ಮಾದರಿಗೆ ಡಾಕಿಂಗ್ ಮಾಡಿದರೆ ಉತ್ತರ ಏನೇ ಬರಲಿ, ಅದಕ್ಕೆ ಬೆಲೆಯಿಲ್ಲ.

ಮಾದರಿ ಬಳಸುವ ಮೊದಲು ಅದರ ವಿಶ್ವಾಸದ ಅಂಕ ನೋಡಿ. 90 ದಾಟಿದ ಭಾಗವನ್ನು ಧೈರ್ಯವಾಗಿ ನಂಬಬಹುದು. 50ಕ್ಕಿಂತ ಕೆಳಗಿನದು ಹೆಚ್ಚಾಗಿ ಸ್ಥಿರ ಆಕಾರವೇ ಇಲ್ಲದ ಭಾಗ. ಮುಖ್ಯವಾಗಿ ನಿಮ್ಮ ಗುಳಿ ಇರುವ ಜಾಗದ ಅಂಕ ನೋಡಿ, ಇಡೀ ಪ್ರೋಟೀನ್‌ನ ಸರಾಸರಿ ನೋಡಿ ಸಮಾಧಾನ ಪಡಬೇಡಿ.

ನನ್ನ ಡಾಕಿಂಗ್ ಸ್ಕೋರ್ ಮೈನಸ್ 11 ಬಂದಿದೆ. ಔಷಧ ಸಿಕ್ಕ ಹಾಗೇನಾ?

ಇಲ್ಲ. ಆಟೊಡಾಕ್ ವೀನಾದಂಥ ಸಾಧನಗಳ ಸ್ಕೋರ್ (ಕಡಿಮೆಯಾದಷ್ಟು ಹಿಡಿತ ಬಿಗಿ ಎಂಬ ಲೆಕ್ಕ) ಒಂದು ಒರಟು ಅಂದಾಜು, ಎರಡು ಮೂರು ಕಿಲೊಕ್ಯಾಲರಿ ಅತ್ತಿತ್ತ ಆಗುವುದು ಮಾಮೂಲು. ಒಂದು ಕಿಲೊಕ್ಯಾಲರಿಗಿಂತ ಸ್ವಲ್ಪ ಹೆಚ್ಚು ವ್ಯತ್ಯಾಸವಾದರೇ ಹಿಡಿತದ ಬಲ ಹತ್ತು ಪಟ್ಟು ಬದಲಾದಂತೆ. ದೊಡ್ಡ ಅಣುಗಳಿಗೆ ಸುಮ್ಮನೆ ಗಾತ್ರದಿಂದಲೇ ಒಳ್ಳೆಯ ಸ್ಕೋರ್ ಬರುವುದೂ ಉಂಟು. ಸಾವಿರ ಅಣುಗಳಲ್ಲಿ ಯಾವ ಐವತ್ತನ್ನು ಮೊದಲು ಪರೀಕ್ಷಿಸೋಣ ಅನ್ನಲು ಡಾಕಿಂಗ್ ಸರಿ. 'ಈ ಅಣು ಕೆಲಸ ಮಾಡುತ್ತದೆ' ಅನ್ನಲು ಸಾಲದು.

ವಿದ್ಯಾರ್ಥಿಗಳ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ಎಡವಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಷಯದ ಇನ್‌ಎಚ್‌ಎ ಕಿಣ್ವಕ್ಕೆ ಹೊಸ ಅಣುಗಳನ್ನು ಡಾಕ್ ಮಾಡುತ್ತಾರೆ, ಹೋಲಿಕೆಗೆ ಕ್ಷಯದ ಹಳೆಯ ಔಷಧ ಐಸೋನಿಯಜಿಡ್ ಇಡುತ್ತಾರೆ. ತಮ್ಮ ಅಣುವಿನ ಸ್ಕೋರ್ ಅದಕ್ಕಿಂತ ಎಷ್ಟೋ ಚೆನ್ನಾಗಿದೆ ಎಂದು ಬರೆಯುತ್ತಾರೆ. ಚೆನ್ನಾಗಿ ಬರದೇ ಏನು? ಐಸೋನಿಯಜಿಡ್ ಪುಟ್ಟ ಅಣು, ಅದು ಹಾಗೇ ಹೋಗಿ ಇನ್‌ಎಚ್‌ಎಯನ್ನು ಹಿಡಿಯುವುದೂ ಇಲ್ಲ. ಬ್ಯಾಕ್ಟೀರಿಯಾದೊಳಗೆ ಕ್ಯಾಟ್‌ಜಿ ಎಂಬ ಇನ್ನೊಂದು ಕಿಣ್ವ ಅದನ್ನು ಚುರುಕುಗೊಳಿಸಬೇಕು, ಆಮೇಲೆ ಅದು ಎನ್‌ಎಡಿ ಎಂಬ ಸಹಕಿಣ್ವದ ಜೊತೆ ಸೇರಬೇಕು. ಗುಳಿಯಲ್ಲಿ ಕೂರುವುದು ಆ ಸಂಯುಕ್ತ. ಐಸೋನಿಯಜಿಡ್‌ಗೆ ಪ್ರತಿರೋಧ ಹೆಚ್ಚಾಗಿ ಬರುವುದೂ ಕ್ಯಾಟ್‌ಜಿ ಕೆಟ್ಟಾಗಲೇ.

ಕನಿಷ್ಠ ಇಷ್ಟು ಮಾಡಿ: ಕ್ರಿಸ್ಟಲ್ ರಚನೆಯಲ್ಲಿದ್ದ ಮೂಲ ಅಣುವನ್ನು ತೆಗೆದು ಮತ್ತೆ ಡಾಕ್ ಮಾಡಿ, ಅದು ಮೊದಲಿನ ಜಾಗದಿಂದ ಎರಡು ಆಂಗ್‌ಸ್ಟ್ರಾಮ್ ಒಳಗೆ ಬಂದು ಕೂತಿತೇ ನೋಡಿ. ಕೆಲಸ ಮಾಡುವ ಅಣುಗಳ ಜೊತೆ ಕೆಲಸ ಮಾಡದ ಅಣುಗಳನ್ನೂ ಬೆರೆಸಿ, ಸಾಧನ ಎರಡನ್ನೂ ಬೇರ್ಪಡಿಸುತ್ತದೆಯೇ ಪರೀಕ್ಷಿಸಿ.

ಚಯಾಪಚಯದ ಮಾದರಿ ಕಟ್ಟಿ ಗುರಿ ಹುಡುಕ್ತಾರಂತೆ, ಅದೇನು?

ಬ್ಯಾಕ್ಟೀರಿಯಾದ ರಾಸಾಯನಿಕ ಕ್ರಿಯೆಗಳನ್ನೆಲ್ಲ ಸಮೀಕರಣಗಳಾಗಿ ಬರೆದು, ಯಾವ ಆಹಾರ ಒಳಗೆ ಬಂದರೆ ಕೋಶ ಎಷ್ಟು ವೇಗವಾಗಿ ಬೆಳೆಯಬಲ್ಲದು ಎಂದು ಲೆಕ್ಕ ಹಾಕುವುದು. ಫ್ಲಕ್ಸ್ ಬ್ಯಾಲೆನ್ಸ್ ಅನಾಲಿಸಿಸ್ ಅಂದರೆ ಇದೇ. ಕ್ಷಯದ ಬ್ಯಾಕ್ಟೀರಿಯಾಕ್ಕೆ 2007ರಲ್ಲಿ ಬಂದ ಇಂಥ ಮಾದರಿಯಲ್ಲಿ 661 ಜೀನ್‌ಗಳಿದ್ದವು. ಕಂಪ್ಯೂಟರಿನಲ್ಲಿ ಒಂದು ಕ್ರಿಯೆ ನಿಲ್ಲಿಸಿ ಬೆಳವಣಿಗೆ ಸೊನ್ನೆಯಾಗುತ್ತದೆಯೇ ನೋಡಬಹುದು. ಎರಡೆರಡು ಜೀನ್‌ಗಳನ್ನು ಒಟ್ಟಿಗೆ ನಿಲ್ಲಿಸಿಯೂ ನೋಡಬಹುದು, ಮೇಲೆ ಹೇಳಿದ ಜೋಡಿ ಜೀನ್‌ಗಳ ತೊಡಕಿಗೆ ಇದೊಂದು ಮದ್ದು. 2008ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಪ್ರಕಟಿಸಿದ ಟಾರ್ಗೆಟ್‌ಟಿಬಿ ಪೈಪ್‌ಲೈನ್ ಇಂಥ ಕ್ರಿಯಾಜಾಲ, ಪ್ರೋಟೀನ್‌ಗಳ ಪರಸ್ಪರ ಸಂಬಂಧ, ಸರಣಿ ಹೋಲಿಕೆ, ಗುಳಿಯ ಹೋಲಿಕೆ ಎಲ್ಲವನ್ನೂ ಒಂದರ ಮೇಲೊಂದು ಹಾಕಿ 451 ಗುರಿಗಳಿಗೆ ಇಳಿಸಿತ್ತು. ಹಲವು ಬಗೆಯ ಜರಡಿಗಳನ್ನು ಹೇಗೆ ಜೋಡಿಸುತ್ತಾರೆ ಎಂದು ಕಲಿಯಲು ಈಗಲೂ ಒಳ್ಳೆಯ ಮಾದರಿ.

ಎಐ ಹೊಸ ಆ್ಯಂಟಿಬಯೋಟಿಕ್ ಕಂಡುಹಿಡೀತು ಅಂತ ಸುದ್ದಿ ಬಂತಲ್ಲ?

ಬಂತು, ನಿಜವೂ ಹೌದು. ಆದರೆ ಅದು ಹಿಡಿದ ದಾರಿ ಉಲ್ಟಾ. 2020ರಲ್ಲಿ ಸುದ್ದಿಯಾದ ಹ್ಯಾಲಿಸಿನ್‌ಗೆ ಯಾರೂ ಮೊದಲು ಗುರಿ ಆರಿಸಿರಲಿಲ್ಲ. 2,335 ಅಣುಗಳಲ್ಲಿ ಯಾವುದು ಇ. ಕೋಲೈ ಬೆಳವಣಿಗೆ ತಡೆಯುತ್ತದೆ ಎಂದು ಪ್ರಯೋಗದಲ್ಲಿ ಅಳೆದು, ಆ ದತ್ತಾಂಶವನ್ನು ಎಐಗೆ ಕಲಿಸಿದರು. ಅದು ಬೇರೆ ಸಂಗ್ರಹವೊಂದರಿಂದ ಹ್ಯಾಲಿಸಿನ್ ಆರಿಸಿಕೊಟ್ಟಿತು. ಮಧುಮೇಹಕ್ಕೆಂದು ಹಿಂದೆ ಅಧ್ಯಯನ ಮಾಡಿದ್ದ ಅಣು ಅದು. ಹೇಗೆ ಕೊಲ್ಲುತ್ತದೆ ಎಂದು ಆಮೇಲೆ ನೋಡಿದರೆ, ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸವನ್ನೇ ಕೆಡಿಸುತ್ತಿತ್ತು. 2023ರ ಅಬೌಸಿನ್ ಕೂಡ ಹೀಗೇ ಸಿಕ್ಕಿತು. ಅದು ಲಿಪೊಪ್ರೋಟೀನ್ ಸಾಗಣೆಗೆ ಅಡ್ಡಿ ಮಾಡುತ್ತದೆ ಎಂದು ತಿಳಿದದ್ದು ನಂತರ.

## ಕಠಿಣ ಪ್ರಶ್ನೆಗಳು

ಇಷ್ಟೊಂದು ಗುರಿಗಳು ಸಿಕ್ಕಿವೆ ಅಂತೀರಿ. ಔಷಧಗಳು ಎಲ್ಲಿ?

ಕೇಳಲೇಬೇಕಾದ ಪ್ರಶ್ನೆ. ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪನಿ ಜೀನೋಮ್ ಯುಗದ ಮೊದಲ ಹುರುಪಿನಲ್ಲಿ, 1995ರಿಂದ 2001ರವರೆಗೆ, ಅಣುಗಳನ್ನು ರಾಶಿಯಾಗಿ ಪರೀಕ್ಷಿಸುವ 70 ದೊಡ್ಡ ಸ್ಕ್ರೀನಿಂಗ್‌ಗಳನ್ನು ನಡೆಸಿತು. ಅವುಗಳಲ್ಲಿ 67 ಹೀಗೆ ಆರಿಸಿದ ಗುರಿಗಳ ಮೇಲೆ. ಮುಂದುವರಿಸಬಹುದಾದ ಅಣುಗಳು ಸಿಕ್ಕಿದ್ದು ಬರೀ ಐದು. ಆ ಅನುಭವವನ್ನು ಕಂಪನಿಯ ವಿಜ್ಞಾನಿಗಳೇ 2007ರಲ್ಲಿ ಬಿಚ್ಚಿ ಬರೆದರು. ಈ ಕ್ಷೇತ್ರಕ್ಕೆ ಬರುವವರೆಲ್ಲ ಓದಬೇಕಾದ ಲೇಖನ.

ಎಡವಿದ್ದು ಗುರಿಯ ಆಯ್ಕೆಯಲ್ಲಿ ಮಾತ್ರ ಅಲ್ಲ. ಟ್ಯೂಬಿನಲ್ಲಿ ಕಿಣ್ವವನ್ನು ಸೊಗಸಾಗಿ ತಡೆಯುವ ಅಣು ಬ್ಯಾಕ್ಟೀರಿಯಾದ ಒಳಗೇ ಹೋಗದಿದ್ದರೆ ಏನು ಬಂತು? ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ. ಹೊರಪೊರೆಯ ಪೋರಿನ್ ಕಿಂಡಿಗಳಲ್ಲಿ ನುಸುಳಲು ಅಣುವಿನ ತೂಕ ಸುಮಾರು 600 ಡಾಲ್ಟನ್ ಒಳಗಿರಬೇಕು. ಹೇಗೋ ನುಸುಳಿದರೂ ಎಫ್ಲಕ್ಸ್ ಪಂಪ್‌ಗಳು ಹಿಡಿದು ಹೊರಗೆ ತಳ್ಳುತ್ತವೆ. ಗುರಿ ಹುಡುಕುವ ಪೈಪ್‌ಲೈನ್‌ಗಳಲ್ಲಿ ಹೆಚ್ಚಿನವಕ್ಕೆ ಈ ಪೊರೆಯ ಗೊಡವೆಯೇ ಇಲ್ಲ. ನನ್ನ ದೃಷ್ಟಿಯಲ್ಲಿ ಈ ವಿಧಾನದ ದೊಡ್ಡ ಕೊರತೆ ಇದೇ.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿಗಳೂ ಇವೆ. ಕೊಬ್ಬಿನಾಮ್ಲ ತಯಾರಿಸುವ ಕಿಣ್ವಗಳು ಒಳ್ಳೆಯ ಗುರಿ ಎಂದು ಎಲ್ಲ ಜರಡಿಗಳೂ ಹೇಳುತ್ತಿದ್ದವು. ಸ್ಟ್ರೆಪ್ಟೊಕಾಕಸ್ ಅಗಲಾಕ್ಷಿಯೆ ರಕ್ತದ ಸೀರಮ್‌ನಲ್ಲಿರುವ ಕೊಬ್ಬಿನಾಮ್ಲವನ್ನೇ ಎತ್ತಿಕೊಂಡು, ತಾನು ತಯಾರಿಸುವ ಗೋಜಿಲ್ಲದೆ ಬದುಕಬಲ್ಲದು ಎಂದು 2009ರಲ್ಲಿ ಗೊತ್ತಾಯಿತು.

ಪ್ರತಿರೋಧ ಬೆಳೆಯದಂಥ ಗುರಿ ಮೊದಲೇ ಗುರುತಿಸೋಕಾಗತ್ತಾ?

ಖಚಿತವಾಗಿ ಆಗದು, ಅಂದಾಜು ಮಾಡಬಹುದು. ಒಂದೇ ಜೀನ್‌ನ ಒಂದೇ ಅಕ್ಷರ ಬದಲಾದರೆ ಔಷಧ ಕೂರದಂತಾಗುವ ಗುರಿ ಅಪಾಯದ್ದು. ಲ್ಯೂಸಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಮೇಲೆ ಗುರಿಯಿಟ್ಟ ಒಂದು ಅಣು ಎರಡನೇ ಹಂತದ ಪರೀಕ್ಷೆಗೆ ಹೋಗಿತ್ತು. ಮೂತ್ರದ ಸೋಂಕಿನ ಕೆಲವು ರೋಗಿಗಳಲ್ಲಿ ಚಿಕಿತ್ಸೆಯ ನಡುವೆಯೇ ಪ್ರತಿರೋಧ ಕಾಣಿಸಿಕೊಂಡು ಕೈಬಿಡಬೇಕಾಯಿತು. ಪೆನಿಸಿಲಿನ್ ಬಗೆಯವು ಹಲವು ಕಿಣ್ವಗಳನ್ನು ಒಟ್ಟಿಗೆ ಹಿಡಿಯುತ್ತವೆ. ಡಿಎನ್‌ಎ ಗೈರೇಸ್, ಟೊಪೊಐಸೊಮರೇಸ್-4 ಎರಡನ್ನೂ ಹಿಡಿಯುವ ಜೆಪೊಟಿಡಾಸಿನ್‌ಗೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಂಪ್ಯೂಟರಿನಲ್ಲಿ ಮಾಡಬಹುದಾದ್ದು ಎರಡು: ಒಂದೇ ಬಗೆಯ ಗುಳಿ ಇರುವ ಎರಡು ಅತ್ಯಗತ್ಯ ಪ್ರೋಟೀನ್‌ಗಳನ್ನು ಹುಡುಕುವುದು, ಮತ್ತು ಸಾವಿರಾರು ರೋಗಿಗಳ ತಳಿಗಳ ಜೀನೋಮ್ ನೋಡಿ ಗುಳಿಯ ಗೋಡೆ ಈಗಾಗಲೇ ಬದಲಾಗುತ್ತಿದೆಯೇ ಎಂದು ಪರಿಶೀಲಿಸುವುದು. ಎರಡನೆಯದು ಸುಲಭ. ಆದರೂ ಮಾಡುವವರು ಕಡಿಮೆ.

ನನ್ನ ಪೈಪ್‌ಲೈನ್ ಸರಿಯಾಗಿದೆ ಅಂತ ಹೇಗೆ ನಂಬೋದು?

ಗೊತ್ತಿರುವ ಗುರಿಗಳನ್ನು ಅದಕ್ಕೇ ಹಾಕಿ ನೋಡಿ. ಇಂದು ಬಳಕೆಯಲ್ಲಿರುವ ಆ್ಯಂಟಿಬಯೋಟಿಕ್‌ಗಳ ಗುರಿಗಳಲ್ಲಿ ಎಷ್ಟು ನಿಮ್ಮ ಕೊನೆಯ ಪಟ್ಟಿಯಲ್ಲಿ ಉಳಿದವು? ಹೆಚ್ಚಿನ ಸಲ ಉತ್ತರ ಮುಜುಗರ ತರುವಂತಿರುತ್ತದೆ. ಆರ್‌ಎನ್‌ಎ ಪಾಲಿಮರೇಸ್ ಮನುಷ್ಯನ ಹೋಲಿಕೆಯ ಜರಡಿಯಲ್ಲಿ ಹೋಗಿರುತ್ತದೆ.

ಇನ್ನು ಕೆಲವು ಗುರಿಗಳು ಪಟ್ಟಿಯ ಒಳಗೆ ಬಂದೇ ಇರುವುದಿಲ್ಲ, ಯಾಕೆಂದರೆ ಅವು ಪ್ರೋಟೀನ್‌ಗಳೇ ಅಲ್ಲ. ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್, ಜೆಂಟಾಮೈಸಿನ್ ಹಿಡಿಯುವುದು ರೈಬೋಸೋಮ್‌ನ ಆರ್‌ಎನ್‌ಎಯನ್ನು. ವ್ಯಾಂಕೊಮೈಸಿನ್ ಹಿಡಿಯುವುದು ಕೋಶಭಿತ್ತಿ ಕಟ್ಟುವ ಸಾಮಗ್ರಿಯ ತುದಿಯನ್ನು. ಕೊಲಿಸ್ಟಿನ್ ಹಿಡಿಯುವುದು ಹೊರಪೊರೆಯ ಲಿಪಿಡ್ ಅನ್ನು. ಪ್ರೋಟೀನ್ ಸರಣಿಗಳಿಂದ ಶುರುವಾಗುವ ಪೈಪ್‌ಲೈನ್ ಎಷ್ಟೇ ಜಾಣತನದ್ದಾದರೂ ಇವನ್ನು ನೋಡಲಾರದು. ಇದನ್ನು ವರದಿಯಲ್ಲಿ ಒಂದು ಸಾಲಿನಲ್ಲಾದರೂ ಬರೆಯಿರಿ.

ಪಟ್ಟಿ ಸಿದ್ಧವಾಯ್ತು. ಮುಂದೆ ಯಾರ ಹತ್ರ ಹೋಗಲಿ, ಏನು ಕೇಳಲಿ?

ಆ ಬ್ಯಾಕ್ಟೀರಿಯಾವನ್ನು ದಿನವೂ ಬೆಳೆಸುವ ಪ್ರಯೋಗಾಲಯದ ಹತ್ತಿರ ಹೋಗಿ, ಇಪ್ಪತ್ತು ಗುರಿಗಳ ಪಟ್ಟಿ ಹಿಡಿದಲ್ಲ, ಎರಡೋ ಮೂರೋ ಗುರಿ ಮತ್ತು ಅವನ್ನೇ ಯಾಕೆ ಆರಿಸಿದಿರಿ ಎಂಬ ಕಾರಣ ಇಟ್ಟುಕೊಂಡು. ಮೊದಲು ಕೇಳಬೇಕಾದ್ದು ಸಿಆರ್‌ಐಎಸ್‌ಪಿಆರ್ (ಕ್ರಿಸ್ಪರ್) ತಂತ್ರ ಬಳಸಿ ಜೀನ್ ಅನ್ನು ಭಾಗಶಃ ಅಡಗಿಸುವ ಪ್ರಯೋಗ. ಪೂರ್ತಿ ಅಳಿಸಿದರೆ ಸಾಯುತ್ತದೆ ಅನ್ನುವುದಷ್ಟೇ ತಿಳಿದರೆ ಸಾಲದು. ಯಾವ ಔಷಧವೂ ಗುರಿಯನ್ನು ನೂರಕ್ಕೆ ನೂರು ತಡೆಯುವುದಿಲ್ಲ. ಅರ್ಧ ಅಡಗಿಸಿದಾಗಲೇ ನರಳುವ ಜೀನ್ ಬೇಕು, ಶೇ. 95 ಅಡಗಿಸಿದರೂ ಆರಾಮವಾಗಿರುವ ಜೀನ್ ಬೇಡ. ಕ್ಷಯದ ಬ್ಯಾಕ್ಟೀರಿಯಾದ ಜೀನ್‌ಗಳಿಗೆ ಈ ದೃಷ್ಟಿಯಿಂದ ಅಳೆದ ದೊಡ್ಡ ದತ್ತಾಂಶ 2021ರಲ್ಲಿ ಪ್ರಕಟವಾಗಿದೆ. ಆ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವವರು ಪಟ್ಟಿ ಮುಗಿಸುವ ಮೊದಲೇ ಅದನ್ನು ನೋಡಬೇಕು.

ಅಣು ಕೈಯಲ್ಲಿದ್ದರೆ ಇನ್ನೊಂದು ಪರೀಕ್ಷೆ ಕೇಳಿ. ಅಣುವಿಗೆ ಜಗ್ಗದ ರೂಪಾಂತರಿಗಳನ್ನು ಬೆಳೆಸಿ, ಅವುಗಳ ಜೀನೋಮ್ ಓದಿಸಿ, ಬದಲಾವಣೆ ನಿಮ್ಮ ಗುರಿಯ ಜೀನ್‌ನಲ್ಲೇ ಬಿದ್ದಿದೆಯೇ ನೋಡಿ. ಕ್ಷಯದ ಔಷಧ ಬೆಡಾಕ್ವಿಲಿನ್‌ನ ಗುರಿ ಎಟಿಪಿ ಸಿಂಥೇಸ್ ಎಂದು 2005ರಲ್ಲಿ ತಿಳಿದದ್ದು ಹೀಗೆಯೇ. ಬದಲಾವಣೆ ಬೇರೆ ಜೀನ್‌ನಲ್ಲಿ, ಅದರಲ್ಲೂ ಎಫ್ಲಕ್ಸ್ ಪಂಪ್ ನಿಯಂತ್ರಿಸುವ ಜೀನ್‌ನಲ್ಲಿ ಕಂಡರೆ, ಗುರಿ ಯಾವುದೆಂಬ ಪ್ರಶ್ನೆ ಇನ್ನೂ ತೆರೆದೇ ಇದೆ ಎಂದು ತಿಳಿದು ಮುಂದಿನ ಪ್ರಯೋಗ ಯೋಜಿಸಿ.